ಸೋರೋ ಸ್ಲ್ಯಾಬಿಗೆ ದುಡ್ಡಿಲ್ಲ

ಮೇಸ್ತ್ರಿ ಜಂಬುನಾಥ ಬೈಕಿಗೆ ಸ್ಟ್ಯಾಂಡ್ ಹಾಕಿ ಇಳಿಯೋದ್ರಾಗ ಮೈಲಮ್ಮ ಹೊಸ ಮನಿ ಬಾಗಲಿಗೆ ಬಂದು ನಿಂತಿದ್ಲು. ಬರ್ರಿ ಅನ್ನಲಿಲ್ಲ, ಕುಂದ್ರಿ ಅನ್ನಲಿಲ್ಲ, ನೀರು ಬೇಕೇನು ಅಂತ ಕೇಳಲಿಲ್ಲ. ದಾರಿ ತಪ್ಪಿ ಬಂದ ಪರದೇಶಿಗೂ ಒಂದು ಚೆಂಬು ನೀರು ಕೊಡದ ಕಳಿಸೋ ಹೆಂಗಸಲ್ಲ ಆಕಿ. ಅಂಥಾಕಿ ನೀರು ಕೇಳಲಿಲ್ಲ ಅಂದ್ರ ಒಳಗ ಎಷ್ಟು ಸಿಟ್ಟಿರಬೇಕು, ನೀವಾ ಲೆಕ್ಕ ಹಾಕ್ರಿ.

"ಯಕ್ಕಾ, ಮನಿ ಮುಗೀತಲ್ಲ. ಕೊನೀ ಕಂತು ಕೊಟ್ಟುಬಿಟ್ರ ನನ್ನ ಸಾಮಾನು ಹೇರ್ಕಂಡು ಹೋಗ್ತೀನಿ," ಅಂದ ಜಂಬುನಾಥ.

"ಒಳಗ ಬರ್ರಿ ಮೇಸ್ತ್ರಿ. ಮುಗಿದದ್ದು ಹೆಂಗೈತಿ ಅಂತ ಒಂದೀಟು ನೋಡಿ ಹೋಗ್ರಿ."

ಹಿಂದಿನ ಕೋಣ್ಯಾಗ ನೆಲದ ಮ್ಯಾಲೆ ಬಕೀಟು, ಪಾತೇಲಿ, ಕಡಿಗೆ ಕುರಿಮರಿಗೆ ಹಾಲು ಹಾಕೋ ಬಟ್ಟಲು ಸೈತ ಸಾಲಾಗಿ ಕುಂತಿದ್ವು. ಹಿಂದಿನ ದಿನ ರೋಹಿಣಿ ಮಳಿ ಒಂದು ಸರ್ತಿ ಬಡದು ಹೋಗಿತ್ತು, ಅಷ್ಟಾ. ಚಾವಣಿಯಾಗ ಒಂದು ಗ್ವಾಡಿಯಿಂದ ಇನ್ನೊಂದು ಗ್ವಾಡಿತನ ಕರೀ ಗೆರಿ ಮೂಡಿತ್ತು. ಆ ಗೆರಿಯಿಂದ ನೀರು ಇನ್ನೂ ತಟಕ್ ತಟಕ್ ಅಂತ ಬೀಳತಿತ್ತು.

ಜಂಬುನಾಥ ತಲಿ ಎತ್ತಿ ನೋಡಿದ. ಗದ್ದ ಕೆರಕಂಡ. ಆಮ್ಯಾಲೆ ಡಾಕ್ಟರು ರೋಗ ಹೇಳಿದಂಗ ಹೇಳಿದ, "ಇದು ನೀರು ಕಮ್ಮಿ ಆಗಿದ್ದಕ್ಕ ಯಕ್ಕಾ. ಸ್ಲ್ಯಾಬ್ ಹಾಕೋದು ನಮ್ಮ ಕೆಲಸ, ನೀರು ಉಣಿಸೋದು ಮನಿಯೋರ ಕೆಲಸ. ನೀವು ಸರಿಯಾಗಿ ನೀರು ಉಣಿಸಿಲ್ಲ, ಅದು ಒಣಗಿ ಸೀಳೈತಿ. ಇದಕ್ಕ ನಾನೇನು ಮಾಡ್ಲಿ?"

ಯಪ್ಪಾ, ಯಾರಿಗೆ ಎಂಥಾ ಮಾತು ಅಂತಾನ ಈತ! ಮೈಲಮ್ಮ ಲಂಗ ಉಡೋ ವಯಸ್ಸಿನಾಗಿಂದ ಕುರಿ ಹಿಂದ ತಿರುಗಿದಾಕಿ. ಅಡವ್ಯಾಗ ತನ್ನ ನಾಲಿಗಿ ಒಣಗಿದ್ರೂ ಮೊದ್ಲು ಕುರಿ ಕುಡಿಸಿ ಆಮ್ಯಾಲೆ ತಾನು ಕುಡದಾಕಿ. ಸ್ಲ್ಯಾಬ್ ಹಾಕಿದ ಮರುದಿನದಿಂದ ಮಿನಿ ಟ್ಯಾಂಕಿನಿಂದ ಕೊಡ ಹೊತ್ತು, ಬಿದಿರೇಣಿ ಹತ್ತಿ, ಮ್ಯಾಲೆ ಮಣ್ಣಿನ ಬದು ಕಟ್ಟಿ ಭತ್ತದ ಗದ್ದ್ಯಾಗ ನಿಲ್ಲಿಸಿದಂಗ ನೀರು ನಿಲ್ಲಿಸಿದ್ಲು. ಕರೆಂಟ್ ಇಲ್ಲದ ದಿನ ದಡ್ಡ್ಯಾಗಿನ ಕುರಿಗೆ ಒಂದು ಕೊಡ ಕಮ್ಮಿ ಮಾಡಿ ಅದನ್ನೂ ಸ್ಲ್ಯಾಬಿಗಾ ಸುರುವಿದ್ಲು. ಬಾಜು ಮನಿ ಹಂಪಕ್ಕ ನಕ್ಕಂತ, "ಯವ್ವಾ ಮೈಲಿ, ಇಷ್ಟು ನೀರು ಕುಡಿಸಿದ್ರ ನಿನ್ನ ಸ್ಲ್ಯಾಬು ಮರಿ ಹಾಕತೈತಿ ನೋಡು," ಅಂತಿದ್ಲು. ಈಗ ನೋಡಿದ್ರ ನೀರು ಉಣಿಸಿಲ್ಲ ಅಂತ!

ಮೈಲಮ್ಮನ ಬಾಯಿಂದ 'ರಿ' ಬಿದ್ದು ಹೋತು.

"ಲೇ ಮೇಸ್ತ್ರಿ, ನೀರಿನ ಮಾತು ನನ್ನ ಮುಂದ ಆಡಬ್ಯಾಡ. ಈ ಸ್ಲ್ಯಾಬ್ ಯಾಕ ಸೋರತೈತಿ ಅಂತ ನಿನಗೂ ಗೊತ್ತೈತಿ, ನನಗೂ ಗೊತ್ತೈತಿ. ಇದನ್ನ ಒಡದು ಸರಿ ಮಾಡಿಕೊಡು. ದುಡ್ಡು ಟ್ರಂಕಿನಾಗ ಐತಿ, ಎಲ್ಲಿಗೂ ಓಡಿಹೋಗಂಗಿಲ್ಲ. ಸರಿ ಮಾಡೋತನ ಒಂದು ಬಿಡಿಕಾಸೂ ಕೊಡಂಗಿಲ್ಲ."

"ಹಂಗಾರ ಬ್ಯಾರೆ ಮೇಸ್ತ್ರೀನ ಕರಸ್ಕ ಹೋಗು," ಅಂತ ಜಂಬುನಾಥನೂ ಮರ್ಯಾದಿ ಬಿಟ್ಟ. "ಯಾರು ಬರ್ತಾರ ನಾನೂ ನೋಡ್ತೀನಿ."

ಬೈಕ್ ಹರಪನಹಳ್ಳಿ ದಾರಿ ಹಿಡೀತು. ಮೈಲಮ್ಮ ಬಕೀಟಿನ ನೀರು ಹೊರಗ ಚೆಲ್ಲಿ ತಂದು ಅದಾ ಜಾಗದಾಗ ಇಟ್ಲು.

ಆ ಕೋಣಿ ಯಾರದು ಅಂತ ಹೇಳಿಬಿಡತೀನಿ, ಇಲ್ಲಾಂದ್ರ ಆಕಿ ಯಾಕ ಹಿಂಗ ಹಟ ಹಿಡದ್ಲು ಅಂತ ನಿಮಗ ತಿಳಿಯಂಗಿಲ್ಲ. ಆ ಕೋಣಿ ಮಗಳು ಸೌಭಾಗ್ಯಂದು. ಹಡಗಲಿಗೆ ಕೊಟ್ಟಿದ್ದ ಮಗಳು ಈಗ ತುಂಬು ಬಸುರಿ, ಚೊಚ್ಚಲು. ಕುಬಸದ ದಿನ, ಅಂದ್ರ ಸೀಮಂತದ ದಿನ, ಮೈಲಮ್ಮ ಹಸರು ಸೀರಿ, ಬಳಿ, ಬುಟ್ಟಿ ತುಂಬ ತಿಂಡಿ ಹೊತ್ತು ಹೋಗಿದ್ಲು. ಎಲ್ಲಾ ಚೆಂದಾಗಿ ನಡದಿತ್ತು. ಊಟಕ್ಕ ಕುಂತಾಗ ಸೌಭಾಗ್ಯನ ಅತ್ತಿ, ಅಂದ್ರ ಮೈಲಮ್ಮನ ಬೀಗತಿ, ಪಂಕ್ತಿಗೆಲ್ಲ ಕೇಳಂಗ ಅಂದ್ಲು, "ಚೊಚ್ಚಲು ಬಾಣಂತನ ತವರುಮನ್ಯಾಗ ಆಗಬೇಕು, ಖರೆ ಐತಿ. ಆದ್ರ ನೀವು ಎಲ್ಲಿ ಮಾಡ್ತೀರಿ ಬೀಗತಿ? ತಗಡಿನ ಶೆಡ್ಡಿನಾಗ ಕುರಿಮರಿ ಜೋಡಿ ಕೂಸನ್ನೂ ಮಲಗಸ್ತೀರೇನು?"

ಹೆಂಗಸ್ರು ಕಿಸಕ್ಕಂತ ನಕ್ರು. ಸೌಭಾಗ್ಯ ತುತ್ತು ಕೈಯಾಗ ಹಿಡಕಂಡು ತಲಿ ಬಗ್ಗಿಸಿದ್ಲು. ಮೈಲಮ್ಮ ಆಕಿ ಬಗ್ಗಿಸಿದ ತಲಿ ನೋಡಿದ್ಲು. "ಮನಿ ಮ್ಯಾಲೆ ಎದ್ದೈತಿ ಬೀಗತಿ. ಮಳಿ ಹಿಡಿಯೋದ್ರಾಗ ಗಟ್ಟಿ ಚಾವಣಿ ಕೆಳಗ ನನ್ನ ಮಗಳನ್ನ ಕರಕಂಡು ಹೋಗ್ತೀನಿ," ಅಂದು ಎಲಿ ಮಡಚಿ ಎದ್ದಿದ್ಲು. ಗಂಡ ತೀರಿಹೋದ ಮ್ಯಾಲೆ ಒಬ್ಬಾಕಿನಾ ಮೇಯಿಸಿ ಬೆಳಸಿದ್ದ ಟಗರು ಮಾರಿ ಕಟ್ಟಿಸಿದ ಮನಿ ಅದು. ಮಗಳನ್ನ ಕರಕಂಡು ಬರೋ ದಿನ ಎದುರಿಗೆ ಬಂದು ನಿಂತಿತ್ತು. ಕೋಣ್ಯಾಗ ನೋಡಿದ್ರ ಬಕೀಟು, ಪಾತೇಲಿ. ಹಸೀ ಬಾಣಂತಿ ಮ್ಯಾಲೆ, ಹಸುಗೂಸಿನ ಮ್ಯಾಲೆ ತಟಕ್ ತಟಕ್ ಅಂತ ನೀರು ಬೀಳಬೇಕೇನು?

ಇನ್ನ ಆ ಗೆರಿ ವಿಷಯ. ಸ್ಲ್ಯಾಬ್ ಹಾಕೋ ದಿನ ಮನಿಯೋರು ಕೆಲಸದೋರಿಗೆ ಬಾಡಿನೂಟ ಹಾಕೋದು ನಮ್ಮ ಕಡಿ ಪದ್ಧತಿ. ಎಲ್ಲರೂ ಕಾಂಕ್ರೀಟು ಪೂರಾ ಮುಗಿದ ಮ್ಯಾಲೆ ಹಾಕ್ತಾರ. ಮೈಲಮ್ಮಗ ಅದು ಆಗಲಿಲ್ಲ. ಮಟಮಟ ಮಧ್ಯಾಹ್ನ ಬಿಸಿಲಾಗ ಉಸುಕು ಜಲ್ಲಿ ಹೊರೋ ಮಂದೀನ ಹಸದ ಹೊಟ್ಟೀಲೆ ದುಡಿಸಾಕ ಮನಸ್ಸು ಬರಲಿಲ್ಲ. ಹಂಪಕ್ಕ, "ಲೇ ಬ್ಯಾಡ, ಉಂಡ್ರ ಎದ್ದು ಹೋಗ್ತಾರ," ಅಂತ ಬಡಕಂಡ್ರೂ ಕೇಳದ, ತನ್ನ ಕೈಯಾರೆ ಸಾಕಿದ ಟಗರು ಕಡಿಸಿ ಅರ್ಧ ಕೆಲಸಕ್ಕಾ ಎಲಿ ಹಾಕಿದ್ಲು. ಉಂಡ್ರು. ಎಲುಬು ಬಿಡದ ಚೀಪಿದ್ರು. ಅಷ್ಟ್ರಾಗ ಜಂಬುನಾಥಗ ಕೊಟ್ಟೂರಿಂದ ಫೋನು ಬಂತು. ಯಾರೋ ದೊಡ್ಡ ಅಂಗಡಿಯೋರ ಮನಿ, ಅಲ್ಲೂ ಅವತ್ತಾ ಸ್ಲ್ಯಾಬು. ಜಂಬುನಾಥ ಮಿಕ್ಸರ್ ಮಷಿನ್ ಟ್ರ್ಯಾಕ್ಟರಿಗೆ ಕಟ್ಟಿ, ಆಳುಗಳನ್ನ ಹತ್ತಿಸಿ, "ಮುಂಜಾನಿ ಬಂದು ಉಳಿದದ್ದು ಮುಗಿಸ್ತೀನಿ ಯಕ್ಕಾ," ಅಂತ ಹೋದ. ಬಂದಿದ್ದು ಮರುದಿನ ಹೊತ್ತು ಇಳಿಯೋವಾಗ. ನಿನ್ನಿ ಹಾಕಿದ್ದು ಗಟ್ಟಿಯಾಗಿ ಕಲ್ಲಾಗಿತ್ತು, ಅದರ ಮಗ್ಗಲಿಗೆ ಇವತ್ತಿಂದು ಸುರುವಿದ. ಆ ಎರಡೂ ಕೂಡೋ ಜಾಗದಾಗಾ ಈಗ ಕರೀ ಗೆರಿ ಮೂಡಿದ್ದು. ನೀರು ಉಣಿಸೋವಾಗ ಕೆಳಗ ಹಲಗಿ ಇದ್ವು, ಅದಕ್ಕ ಕಾಣಲಿಲ್ಲ. ಮಳಿಗೆ ಮೊದಲನೇ ಹನಿ ಬಿದ್ದಾಗಾ ಮೈಲಮ್ಮಗ ಇದು ತಿಳದಿತ್ತು.

ಜಂಬುನಾಥ ಹೇಳಿದಂಗಾ ಆತು. ಕೂಡ್ಲಿಗಿ ಕಡಿಯಿಂದ ಮಾರಣ್ಣ ಅನ್ನೋ ಮೇಸ್ತ್ರೀನ ಕರಸಿದ್ಲು. ಆತ ಒಳ್ಳೇ ಮನುಷ್ಯಾನಾ. ಬಂದ, ಕೋಣಿ ನೋಡಿದ, ಮ್ಯಾಲೆ ಹತ್ತಿ ನೋಡಿದ, "ಒಡದು ಹಾಕಬಹುದು ಯಕ್ಕಾ, ದೊಡ್ಡ ಮಾತೇನಲ್ಲ," ಅಂದ. ಚಾ ಕುಡೀವಾಗ, "ಮೊದ್ಲು ಯಾರು ಮಾಡಿದ್ದು?" ಅಂತ ಕೇಳಿದ. ಜಂಬುನಾಥನ ಹೆಸರು ಕೇಳಿದ್ದಾ ತಡ, ಚಾದ ಲೋಟ ಕೆಳಗ ಇಟ್ಟ.

"ಆತನ ಲೆಕ್ಕ ಚುಕ್ತಾ ಆಗೈತೇನು?"

"ಇಲ್ಲ. ಆಗಂಗೂ ಇಲ್ಲ."

"ಹಂಗಾರ ಬ್ಯಾಡ ಬಿಡು ಯಕ್ಕಾ. ಒಬ್ಬ ಮೇಸ್ತ್ರಿ ಲೆಕ್ಕ ಬಾಕಿ ಇದ್ದ ಕೆಲಸಕ್ಕ ಇನ್ನೊಬ್ಬ ಕೈ ಹಾಕಬಾರದು ಅಂತ ನಮ್ಮ ನಮ್ಮೊಳಗ ಐತಿ. ನಾಳಿ ನನ್ನ ದುಡ್ಡು ಯಾರಾರ ಹಿಡದ್ರ ಆತನೂ ನನ್ನ ಕಡಿ ನಿಲ್ಲಬೇಕಲ್ಲ."

"ಸೋರೋ ಮನಿ ಕಟ್ಟಿದ್ರೂ ನಿಲ್ಲತೀರೇನು?"

ಮಾರಣ್ಣ ಎದ್ದು ಹೊರಗ ಬಂದ. ಬೈಕ್ ಹತ್ತಿದ. ಮೈಲಮ್ಮ ಆತ ಬಿಟ್ಟು ಹೋದ ಚಾ ಚೆಲ್ಲಿ ಲೋಟ ತೊಳದ್ಲು. ಥೂ, ಇವರ ಒಗ್ಗಟ್ಟಿಗೆ ಬೆಂಕಿ ಬೀಳ್ಲಿ ಅಂತ ಬೈಕಂತಾ ತೊಳದ್ಲು.

ಅತ್ತ ಜಂಬುನಾಥ ಸುಮ್ನ ಕುಂತಿರಲಿಲ್ಲ. ಸೀದಾ ಕರಿಸಿದ್ದಪ್ಪನ ಕಟ್ಟಿಗೆ ಹೋಗಿ ಅತ್ತು ಕರದು ಬಂದಿದ್ದ. ಕರಿಸಿದ್ದಪ್ಪ ಮೈಲಮ್ಮನ ಗಂಡನ ಅಣ್ಣ, ಕುಲದ ಹಿರ್ಯಾ, ಆತನ ಮಾತು ಊರಾಗ ನಡೀತೈತಿ. ಆತನ ಮಗನ ಹೊಸ ಮನಿ ಪಾಯ ಹಾಕಿದ್ದೂ ಇದಾ ಜಂಬುನಾಥ ಅನ್ನೋದು ಬ್ಯಾರೆ ಮಾತು. ಬ್ಯಾರೆ ಮಾತು ಅಂತ ಆತ ತಿಳಕಂಡಿದ್ದ, ನಾವು ತಿಳಕಂಬೇಕಾಗಿಲ್ಲ.

ಮೈಲಮ್ಮನ್ನ ಕರಸಿದ್ರು. ಕಟ್ಟಿ ಮ್ಯಾಲೆ ನಾಕು ಮಂದಿ ಹಿರಿಯರು, ಕೆಳಗ ಜಂಬುನಾಥ.

"ನೋಡವ್ವಾ ಮೈಲಿ," ಅಂದ ಕರಿಸಿದ್ದಪ್ಪ, "ಆತ ನಿಂದಾ ತಪ್ಪು ಅಂತಾನ, ನೀ ಆತಂದಾ ತಪ್ಪು ಅಂತಿ. ನಾವು ಮೈಲಾರಲಿಂಗನ ಒಕ್ಕಲು. ನಮಗ ಪೊಲೀಸು ಕೋರ್ಟು ಯಾಕ? ಆತ ಭಂಡಾರ ಮುಟ್ಟಿ 'ನನ್ನ ಕೆಲಸ ಸರಿ ಐತಿ' ಅಂತ ಹೇಳ್ಲಿ. ಹೇಳಿದ್ರ ನೀ ಬಾಯಿ ಮುಚ್ಕಂಡು ದುಡ್ಡು ಕೊಡು. ಸುಳ್ಳು ಹೇಳಿದ್ರ ಮೈಲಾರಲಿಂಗ ನೋಡ್ಕಂತಾನ."

ನಮ್ಮ ಮಂದ್ಯಾಗ ಇದು ಕಡೀ ಮಾತು. ದೇವರ ಅರಿಶಿಣದ ಪುಡಿ, ಅದನ್ನ ಭಂಡಾರ ಅಂತೀವಿ. ಭಂಡಾರ ಮುಟ್ಟಿ ಆಡಿದ ಮಾತಿನ ಮ್ಯಾಲೆ ಇನ್ನೊಂದು ಮಾತಿಲ್ಲ. ಹೊಲದ ಬದುವಿನ ಜಗಳ, ಕುರಿ ಕಳುವಿನ ಜಗಳ ಎಲ್ಲಾ ಅಲ್ಲಿಗೆ ಮುಗೀತಾವ. ಎಂಥೆಂಥಾ ಗಟ್ಟಿ ಗಂಡಸ್ರು ಭಂಡಾರದ ತಟ್ಟಿ ಮುಂದ ಬಂದಾಗ ಕೈ ಜಗ್ಗಿ ಹಿಂದಕ್ಕ ಸರದಿದ್ದನ್ನ ಮೈಲಮ್ಮ ನೋಡಿದ್ಲು.

ಜಂಬುನಾಥ ಮಾತ್ರ ಟಪ್ಪನೆ ಅಂದ, "ಆಗ್ಲಿ ಗೌಡ್ರಾ, ತರಿಸ್ರಿ. ಈಗ ಬೇಕಂದ್ರ ಈಗ್ಲಾ ಮುಟ್ತೀನಿ."

ಆ ಅವಸರ ನೋಡಿ ಮೈಲಮ್ಮಗ ಮೈ ಉರೀತು. ಈತಗ ಅದು ಬರೀ ಅಡಿಗಿ ಮನಿ ಅರಿಶಿಣ. ಮುಟ್ಟತಾನ, ಸುಳ್ಳು ಹೇಳತಾನ, ಕೈ ಒರಸ್ಕಂಡು ದುಡ್ಡು ಎಣಿಸ್ಕಂಡು ಹೋಗತಾನ. ತಾನು ದೇವರ ಎದುರಿಗೆ ಸೋತಾಕಿ ಆಗಿ ಮಗಳನ್ನ ಆ ಸೋರೋ ಕೋಣ್ಯಾಗ ಮಲಗಿಸಬೇಕು.

"ಮೈಲಾರಲಿಂಗ ನೋಡ್ಕಂತಾನ, ಬ್ಯಾಡ ಅನ್ನಂಗಿಲ್ಲ ಭಾವಾ," ಅಂದ್ಲು ಮೈಲಮ್ಮ. "ಆದ್ರ ಆತ ಮಳಿಗಾಲ ಮುಗಿದ ಮ್ಯಾಲೆ ನೋಡ್ಕಂಡ್ರ ನನ್ನ ಮಗಳಿಗೆ ಏನು ಬಂತು?"

ಹಿರಿಯರು ಬಾಯಿ ಬಿಟ್ಟರು. ಹಂಪಕ್ಕ ಹಿಂದಿನಿಂದ ಸೆರಗು ಜಗ್ಗಿದ್ಲು. ಕರಿಸಿದ್ದಪ್ಪನ ಮೀಸಿ ಅಲುಗಿತು. "ನಾಲಿಗಿ ಹಿಡದು ಮಾತಾಡು. ದೇವರಿಗೆ ಎದುರು ಮಾತಾಡ್ತಿಯೇನು?"

"ದೇವರಿಗೆ ಅಲ್ಲ ಭಾವಾ, ನಿಮಗ." ಮೈಲಮ್ಮ ಏನೋ ವಿಚಾರ ಮಾಡಿದ್ಲು. "ಆಗ್ಲಿ, ನಿಮ್ಮ ಮಾತು ಯಾಕ ತಗದು ಹಾಕ್ಲಿ. ಐತ್ವಾರ ಮೈಲಾರಲಿಂಗನ ದಿನ. ನನ್ನ ಮನ್ಯಾಗಾ ಆಗ್ಲಿ, ಆ ಹಿಂದಿನ ಕೋಣ್ಯಾಗಾ. ಕಂಬಳಿ ಹಾಸ್ತೀನಿ. ಆತ ಅಲ್ಲಿ ಕುಂತು ಭಂಡಾರ ಮುಟ್ಲಿ."

ಆಕಿ ತಣ್ಣಗಾದ್ಲು ಅಂತ ಎಲ್ಲರೂ ಉಸಿರು ಬಿಟ್ರು. ಜಂಬುನಾಥ ಕಟ್ಟಿ ಮ್ಯಾಲಿನ ಹಿರಿಯರಿಗೆಲ್ಲ ಕೈ ಮುಗಿದು ಹೋದ.

ಐತ್ವಾರ ಮುಂಜಾನಿ ಮೋಡ ಇರಲಿಲ್ಲ, ಒಳ್ಳೇ ಬಿಸಿಲು. ಮೈಲಮ್ಮ ಹಂಪಕ್ಕನ್ನ ಕರಕಂಡು ಏಣಿ ಹತ್ತಿದ್ಲು. ನೀರು ಹೋಗೋ ಪೈಪಿಗೆ ಅರಬಿ ಚಿಂದಿ ತುರುಕಿದ್ಲು. ಆ ಗೆರಿ ಎಲ್ಲಿ ಬರತೈತಿ ಅಂತ ಮ್ಯಾಲಿಂದ ಗುರುತು ಹಿಡದು, ಅದರ ಎರಡೂ ಮಗ್ಗಲಿಗೆ ಎರಿ ಮಣ್ಣಿನ ಬದು ಕಟ್ಟಿದ್ಲು. ಸ್ಲ್ಯಾಬಿನ ಬ್ಯಾರೆ ಎಲ್ಲೂ ಹನಿ ನೀರಿಲ್ಲ, ಆ ಬದುವಿನ ನಡುವ ಮಾತ್ರ ಕೊಡದ ಮ್ಯಾಲೆ ಕೊಡ. ಆಮ್ಯಾಲೆ ಉಡಿಯಿಂದ ಅರಿಶಿಣದ ಗಂಟು ತಗದ್ಲು. ಬಾಣಂತಿ ಮೈಗೆ ಹಚ್ಚಾಕ ಅಂತ ಮಗಳಿಗೆ ಕುಟ್ಟಿಸಿ ಇಟ್ಟಿದ್ದ ಅರಿಶಿಣ ಅದು. ಅಷ್ಟನ್ನೂ ನೀರಿಗೆ ಸುರುವಿ ಕೈಯಾಡಿಸಿದ್ಲು.

"ಅಯ್ಯಯ್ಯೋ, ಇಷ್ಟು ಅರಿಶಿಣದಾಗ ಒಂದು ಮದುವಿ ಆಗತಿತ್ತಲ್ಲೇ!" ಅಂದ್ಲು ಹಂಪಕ್ಕ.

"ಮದುವಿ ಆಗಿ ಹೋಗೈತಿ ಹಂಪಕ್ಕ. ಈಗ ಆಗಬೇಕಾದ್ದು ಬಾಣಂತನ." ಕಡಿಗೆ ದೇವರ ಜಗಲಿಯಿಂದ ತಂದಿದ್ದ ಒಂದು ಚಿಟಿಕಿ ಭಂಡಾರಾನೂ ಹಾಕಿ, ಮೈಲಾರದ ದಿಕ್ಕಿಗೆ ಕೈ ಮುಗಿದ್ಲು. "ಅಪ್ಪಾ, ನಿನ್ನ ಹೆಸರಿಲೆ ಸುಳ್ಳು ಹೇಳಾಕ ಬರಾಕತ್ಯಾರ. ನಿನಗೂ ಸಿಟ್ಟು ಬರಬೇಕು, ನನಗೊಬ್ಬಾಕಿಗಾ ಅಲ್ಲ."

ಹೊತ್ತು ಏರಿದಂಗ ಹಿರಿಯರು ಬಂದ್ರು, ಹಿಂದ ಅರ್ಧ ಊರು ಬಂತು. ಮೈಲಮ್ಮ ಆ ಗೆರಿ ಸೀದಾ ಕೆಳಗ ಕರೀ ಕಂಬಳಿ ಹಾಸಿದ್ಲು. ಹಾಸಿದ ಕಂಬಳಿ ಮ್ಯಾಲೆ ಕುಂದ್ರದಿದ್ರ ಮನಿಯೋರಿಗೆ ಅವಮಾನ, ಅದು ಜಂಬುನಾಥಗೂ ಗೊತ್ತು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಒಂದು ಸರ್ತಿ ಮ್ಯಾಲೆ ನೋಡಿದ. ಗೆರಿ ಒಣಗಿದಂಗ ಕಂಡ್ತು, ಮಳಿ ಬಂದು ಬಾಳ ದಿನ ಆಗಿತ್ತು. ಕುಂತ.

ಭಂಡಾರದ ತಟ್ಟಿ ಮುಂದ ಇಟ್ರು. ಕರಿಸಿದ್ದಪ್ಪ ದೇವರ ಹೆಸರು ಹೇಳಿ, "ಹೂಂ, ಮುಟ್ಟಪ್ಪಾ," ಅಂದ.

"ತಡೀರಿ," ಅಂದ್ಲು ಮೈಲಮ್ಮ. "ನೀ ಭಂಡಾರ ಮುಟ್ಟೋದು ಬ್ಯಾಡ ಮೇಸ್ತ್ರಿ. ಸುಮ್ನ ಕುಂದ್ರು. ಅದಾ ಬಂದು ನಿನ್ನ ಮುಟ್ಟತೈತಿ."

ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಜಂಬುನಾಥ ನಕ್ಕ. "ಇದೇನು ಹೊಸಾ ಪವಾಡ ಯಕ್ಕಾ?"

ಏನೂ ಆಗಲಿಲ್ಲ. ಹಿಂದ ಯಾರೋ ಕೆಮ್ಮಿದ್ರು. ಮೈಲಮ್ಮ ಗ್ವಾಡಿಗೆ ಆತು ನಿಂತಿದ್ಲು, ಮಾರಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಗೆರಿ ಮ್ಯಾಲೆ ಇದ್ವು. ಇವತ್ತೊಂದಿನ ಸೋರದಿದ್ರ? ಒಂದಾ ಮಳಿಗೆ ಸೋರಿದ ದರಿದ್ರ ಸ್ಲ್ಯಾಬು ಇವತ್ತಾ ಗಟ್ಟಿಯಾಗಿಬಿಟ್ರ? ಸೋರು ನನ್ನವ್ವಾ ಅಂತ ತನ್ನ ಮನಿ ಚಾವಣಿಗೆ ಮನಸ್ಸಿನಾಗಾ ಬೇಡಿಕಂಡ ಹೆಂಗಸು ಹರಪನಹಳ್ಳಿ ಸೀಮ್ಯಾಗ ಆಕಿ ಒಬ್ಬಾಕಿನಾ ಇರಬೇಕು.

"ಸಾಕವ್ವಾ ನಿನ್ನ ಆಟ," ಅಂದ ಕರಿಸಿದ್ದಪ್ಪ. "ಮುಟ್ಟು ಮೇಸ್ತ್ರಿ."

ಜಂಬುನಾಥ ತಟ್ಟಿಗೆ ಕೈ ಚಾಚಿದ. ಟಪ್ ಅಂತು. ಹೆಗಲ ಮ್ಯಾಲೆ, ಬಿಳೀ ಅಂಗಿ ಮ್ಯಾಲೆ, ಹಳದೀ ಹನಿ. ಆತ ಹೆಗಲು ನೋಡ್ಕಂಬೋದ್ರಾಗ ಚಾಚಿದ ಕೈ ಮ್ಯಾಲೆ ಇನ್ನೊಂದು ಬಿತ್ತು. ಆಮ್ಯಾಲೆ ತಲಿ ಮ್ಯಾಲೆ. ಗೆರಿ ಉದ್ದಕ್ಕೂ ಗ್ವಾಡಿಯಿಂದ ಗ್ವಾಡಿತನ ಅರಿಶಿಣದ ಹನಿ ಸಾಲುಗಟ್ಟಿ ಉದುರಾಕ ಹತ್ತಿದ್ವು.

ಹಂಪಕ್ಕಗ ತಡಕಳ್ಳಾಕ ಆಗಲಿಲ್ಲ. "ಏಳುಕೋಟಿಗೋ!" ಅಂತ ಮೈಲಾರಲಿಂಗನ ಘೋಷ ಕೂಗಿಬಿಟ್ಲು. ಜಲ್ಮಪೂರಾ ರೂಢಿ ಆದ ಮಂದಿ ನೋಡ್ರಿ, ಏನು ಎತ್ತ ಅಂತ ವಿಚಾರ ಮಾಡದ ಎಲ್ಲರೂ "ಚಾಂಗಮಲೋ!" ಅಂದ್ರು. ಕರಿಸಿದ್ದಪ್ಪನೂ ಅಂದ.

"ಪವಾಡ ಅಲ್ಲ, ಮ್ಯಾಲೆ ನಾನಾ ಅರಿಶಿಣದ ನೀರು ಹಾಕಿ ಬಂದೀನಿ," ಅಂದ್ಲು ಮೈಲಮ್ಮ. "ನೀರು ಕಮ್ಮಿಯಾಗಿ ಸೀಳಿದ್ರ ಸ್ಲ್ಯಾಬೆಲ್ಲಾ ಸೀಳಬೇಕಿತ್ತು. ಎಲ್ಲಾ ಕಡಿ ನೀರು ಹಾಕಿದಾಕಿ ನಾನೊಬ್ಬಾಕಿನಾ. ಇದೊಂದು ಗೆರಿ ಮ್ಯಾಲೆ ಮಾತ್ರ ನನಗ ಏನು ಹಗಿ ಇತ್ತು? ಇದು ನೀ ನನ್ನ ಟಗರು ತಿಂದು, ಕೊಟ್ಟೂರಿಗೆ ಎದ್ದು ಹೋದ ಗೆರಿ."

ಜಂಬುನಾಥ ಕಂಬಳಿ ಬಿಟ್ಟು ಎದ್ದ. ಮಂದಿ ಗುಸುಗುಸು ಅಂದ್ರು. ಕರಿಸಿದ್ದಪ್ಪ ಗಂಟಲು ಸರಿ ಮಾಡಿಕಂಡ. ಸೋತ ಕಡಿಯೋನ ಮಾನ ಉಳಿಸೋದ್ರಾಗ ಹಿರಿಯರಿಗೆ ಬಾಳ ಆಸಕ್ತಿ, ಆ ಕಡಿಯೋನು ತಮ್ಮ ಮಗನ ಮನಿ ಕಟ್ಟೋನಾಗಿದ್ರಂತೂ ಕೇಳೋದಾ ಬ್ಯಾಡ.

"ಆತು, ಆಗಿದ್ದು ಆತು. ಇಬ್ಬರೂ ಒಂದೀಟು ಸೋಲ್ರಿ. ಆತ ಮ್ಯಾಲೆ ಒಂದು ಕೆಮಿಕಲ್ ಬಳೀತಾನ. ನೀ ಅರ್ಧ ದುಡ್ಡು ಕೊಟ್ಟು ಕೈ ತೊಳಕ. ಮನಿ ಮನಿ ಅಂದ ಮ್ಯಾಲೆ ಸಣ್ಣ ಪುಟ್ಟ ಇರತಾವ."

"ಅರ್ಧ ದುಡ್ಡು ಕೊಟ್ರ ಅರ್ಧ ಸೋರತೈತೇನು ಭಾವಾ?"

"ಹಟ ಮಾಡಬ್ಯಾಡ ಮೈಲಿ. ಈತನ್ನ ಬಿಟ್ರ ಯಾವ ಮೇಸ್ತ್ರೀನೂ ನಿನ್ನ ಹೊಸ್ತಿಲು ತುಳಿಯಂಗಿಲ್ಲ. ಏನು ಮಾಡ್ತಿ?"

ಮೈಲಮ್ಮ ಸೀದಾ ಪಡಸಾಲಿಗೆ ಹೋದ್ಲು. ಅಲ್ಲಿ ಮೂಲ್ಯಾಗ ಜಂಬುನಾಥನ ಸಾಮಾನು ಬಿದ್ದಿತ್ತು. ಅದ್ರಾಗಿನ ದೊಡ್ಡ ಸುತ್ತಿಗಿ ಹೆಗಲಿಗೆ ಹಾಕ್ಕಂಡು, ಸೀರಿ ಕಚ್ಚಿ ಹಾಕಿ, ಏಣಿ ಹತ್ತಿದ್ಲು. ಕಾಲೀಲೆ ಬದು ಒದ್ದು, ಪೈಪಿನ ಅರಬಿ ಕಿತ್ತು ನೀರು ಬಿಟ್ಲು. ಮೊದಲನೇ ಏಟು ಬಿದ್ದಾಗ ಕೆಳಗಿದ್ದ ಹೆಂಗಸ್ರು ಚೀರಿದ್ರು.

"ಲೇ ಮೈಲಿ, ತಲಿ ಕೆಟ್ಟೈತೇನು? ಮನಿ ಕೆಡವ್ತಿಯಾ?" ಕರಿಸಿದ್ದಪ್ಪ ಅಂಗಳದಾಗ ನಿಂತು ಕೂಗಿದ.

"ನನ್ನ ಮನಿ. ನಾ ಕೆಡವ್ತೀನಿ!" ಎರಡನೇ ಏಟು. "ಆಕಾಶದ ಕೆಳಗ ಮಲಗಿ ಬೆಳದಾಕಿ ನಾನು. ಬಯಲಾಗ ಮಲಗೇನು, ಸುಳ್ಳಿನ ಕೆಳಗ ಮಲಗಂಗಿಲ್ಲ! ನನ್ನ ಮಗಳನ್ನೂ ಮಲಗಸಂಗಿಲ್ಲ!"

ಜಂಬುನಾಥ ಏಣಿ ಹತ್ತಿ ಓಡಿ ಬಂದ, ಹಿಂದ ಇಬ್ಬರು ಮೂವರು ಬಂದ್ರು. ಅಷ್ಟ್ರಾಗ ಗೆರಿ ಮಗ್ಗಲಿನ ಕಾಂಕ್ರೀಟಿನ ಒಂದು ತುಂಡು ಎದ್ದು ಬಂದಿತ್ತು. ಹಳೇದೂ ಹೊಸದೂ ಕೂಡಿಕಂಡಿರಲೇ ಇಲ್ಲ, ರೊಟ್ಟಿ ಪದರು ಎದ್ದಂಗ ಎದ್ದಿತ್ತು. ಒಳಗ ಬೂದಿಯಂಥಾ ಧೂಳು. ಆ ಧೂಳಿನಾಗ ಬೇವಿನ ಎಲಿ. ಒಂದಲ್ಲ, ಕಡ್ಡಿ ಸಮೇತ ಒಂದು ಗೊಂಚಲು. ಅಂಗಳದ ಬೇವಿನ ಗಿಡದಿಂದ ರಾತ್ರಿ ಉದುರಿದ್ದು, ಮರುದಿನ ಯಾರೂ ತೆಗೀದ ಅದರ ಮ್ಯಾಲೇ ಕಾಂಕ್ರೀಟ್ ಸುರುವಿದ್ರು.

ಮೈಲಮ್ಮ ಆ ಕಡ್ಡಿ ಎತ್ತಿ ಜಂಬುನಾಥನ ಮೂಗಿನ ಮುಂದ ಹಿಡದ್ಲು. "ಇದು ಒಳಗ ಹೆಂಗ ಬಂತು?"

ಭಂಡಾರದ ಮುಂದ ಬಗ್ಗದ ಆತನ ತಲಿ ಆ ಎಲಿ ಮುಂದ ಬಗ್ಗಿತು. ಏನಾ ಅಂದ್ರೂ ಕರಣಿ ಹಿಡದು ಬದುಕೋ ಮನುಷ್ಯಾ ಅಲ್ಲೇನು, ತನ್ನ ಕೆಲಸದ ಹೊಟ್ಟಿ ತನ್ನ ಎದುರಿಗೇ ಬಗದು ಇಟ್ಟಾಗ ನಾಚಿಕಿ ಆಗೇ ಆಗತೈತಿ.

"ಕಸಬರಿಗಿ ಆಡಿಸಿದ್ದಿಲ್ಲ," ಅಂತ ಗೊಣಗಿದ. "ಹಳೇದು ಹೊಸದು ಹಿಡಕಳ್ಳಾಕ ಸಿಮೆಂಟ್ ಹಾಲೂ ಹೊಡದಿದ್ದಿಲ್ಲ. ಅವಸರ ಇತ್ತು."

"ಜೋರಾಗಿ ಹೇಳು. ನಮ್ಮ ಭಾವಗ ಕಿವಿ ಸ್ವಲ್ಪ ಮಂದ."

ಕೆಳಗ ಯಾರೋ ಪುಸಕ್ಕಂತ ನಕ್ರು. ಜಂಬುನಾಥ ಅಂಗಳದ ಕಡಿ ತಿರುಗಿ, ಊರಿಗೆ ಕೇಳಂಗ ಹೇಳಿದ, "ತಪ್ಪು ನಂದೈತಿ. ನೀರು ಆಯಕ್ಕ ಹಾಕ್ಯಾಳ." ಆಮ್ಯಾಲೆ ಕೈ ಚಾಚಿದ. "ಕೊಡು ಯಕ್ಕಾ ಇಲ್ಲಿ. ಹಂಗ ಬಡದ್ರ ಕಂಬಿ ಸಡಲಾಗ್ತಾವ. ಚಾಣ ಇಟ್ಟು ಒಡೀಬೇಕು. ಎರಡೂ ಕಡಿ ಕೆತ್ತಿ, ತೊಳದು ಹಾಕ್ತೀನಿ."

"ಸಿಮೆಂಟು?"

"ನಂದು."

"ಹಲಗಿ ಬಾಡಗಿ, ಆಳಿನ ಕೂಲಿ?"

"ಅದೂ ನಂದಾ."

"ನೀರು ನಿಲ್ಲಿಸಿ, ಕೆಳಗ ಕುಂತು ನೋಡಿ, ಒಂದು ಹನಿ ಬೀಳಲಿಲ್ಲ ಅಂದ ಮ್ಯಾಲೆ ದುಡ್ಡು. ಊಟಾನೂ ಈ ಸರ್ತಿ ಕೆಲಸ ಮುಗಿದ ಮ್ಯಾಲೆ."

ಜಂಬುನಾಥ ತಲಿ ಆಡಿಸಿದ. ಮೈಲಮ್ಮ ಸುತ್ತಿಗಿ ಕೊಟ್ಲು, ಜಾಗ ಕೊಡಲಿಲ್ಲ. ಅಲ್ಲೇ ಸ್ಲ್ಯಾಬಿನ ಅಂಚಿಗೆ ಕುಂತ್ಲು. ಆತ ಅಂಗಿ ಬಿಚ್ಚಿ ಬರೀ ಬನಿಯನ್ನಾಗ ಕುಂತು ಚಾಣಕ್ಕ ಸುತ್ತಿಗಿ ಬಡೀತಿದ್ರ ಚೂರು ಸಿಡದು ಆಕಿ ಕಾಲಿಗೆ ಬೀಳತಿದ್ವು. ಏಳಲಿಲ್ಲ. ಕೆಳಗ ಕರಿಸಿದ್ದಪ್ಪ ಭಂಡಾರದ ತಟ್ಟಿ ಎತ್ತಿಕಂಡು, ಯಾರ ಕಡಿಗೂ ನೋಡದಂಗ ಮನಿ ದಾರಿ ಹಿಡದ. ಮೈಲಮ್ಮ ಸೊಂಟದಿಂದ ಮೊಬೈಲು ತಗದು ಹಡಗಲಿಗೆ ಹಚ್ಚಿದ್ಲು.

"ಯಾರು, ಬೀಗತೀನಾ?" ಅಂತು ಆ ಕಡಿ ದನಿ. "ಏನ್ರೀ ಅದು ಸಪ್ಪಳ, ಧಡ್ ಧಡ್ ಅಂತ? ಕಟ್ಟಿದ ಮನಿ ಬೀಳಾಕತ್ತೈತೇನು?"

"ಹೂಂ ಬೀಗತಿ, ಬೀಳಾಕತ್ತೈತಿ," ಅಂದ್ಲು ಮೈಲಮ್ಮ. "ನಾನಾ ಬೀಳಸಾಕತ್ತೀನಿ. ನೀವು ಸೌಭಾಗ್ಯನ ಸೀರಿ ಗಂಟು ಕಟ್ಟಿ ಇಡ್ರಿ, ಕರಕಂಡು ಹೋಗಾಕ ಬರ್ತೀನಿ."